ಕೈಮರ

ಮೈಸೂರಿನಿಂದ ಎಚ್.ಡಿ. ಕೋಟೆಗೆ ಓಡಾಡುವವರಿಗೆಲ್ಲ ಹ್ಯಾಂಡ್‌ಪೋಸ್ಟ್ ಗೊತ್ತು. ಕೋಟೆ ಇನ್ನೇನು ಬಂತು ಎನ್ನುವಾಗ ಸಿಗುವ ಕೂಡುರಸ್ತೆ ಅದು. ಒಂದು ದಾರಿ ಪೇಟೆಗೆ ಹೋಗುತ್ತದೆ. ಇನ್ನೊಂದು ಅಂತರಸಂತೆಯನ್ನು ದಾಟಿ, ನಾಗರಹೊಳೆಯ ಕಾಡು ಹೊಕ್ಕು, ಕೇರಳದ ಬಾವಲಿಗೆ ಹೋಗುತ್ತದೆ. ಬಸ್ಸು ಅಲ್ಲಿ ನಿಂತಾಗ ಕಂಡಕ್ಟರು ಆ ಹೆಸರನ್ನು ಕೂಗುತ್ತಾರೆ, ಜನ ಇಳಿಯುತ್ತಾರೆ. ಅಂಗಡಿ, ಹೋಟೆಲು, ಔಷಧಿ ಅಂಗಡಿ ಎಲ್ಲವೂ ಇರುವ ಸಣ್ಣ ಪೇಟೆಯೇ ಅಲ್ಲಿ ಬೆಳೆದಿದೆ. ಆದರೆ ಆ ಹೆಸರಿನ ಅರ್ಥ ಏನು ಎಂದು ನಾವು ಬಹಳ ಸಲ ಯೋಚಿಸಿರುವುದಿಲ್ಲ. ಕೂಡುರಸ್ತೆಯಲ್ಲಿ ನಿಂತು ‘ಇತ್ತ ಈ ಊರು, ಅತ್ತ ಆ ಊರು’ ಎಂದು ಚಾಚಿದ ಕೈಯಂತೆ ದಾರಿ ತೋರುವ ಕಂಬವೇ ಹ್ಯಾಂಡ್‌ಪೋಸ್ಟ್.

ಕನ್ನಡದಲ್ಲಿ ಅದಕ್ಕೆ ಕೈಮರ ಎನ್ನುತ್ತೇವೆ, ಕೈಕಂಬ ಎಂದೂ ಎನ್ನುತ್ತೇವೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿ ಕೈಮರ ಇದೆ. ದಕ್ಷಿಣ ಕನ್ನಡದಲ್ಲಿ ಬಿ.ಸಿ. ರೋಡಿನ ಹತ್ತಿರ ಒಂದು ಕೈಕಂಬ, ಗುರುಪುರದ ಹತ್ತಿರ ಇನ್ನೊಂದು ಕೈಕಂಬ. ಗಡಿ ದಾಟಿ ಕಾಸರಗೋಡು ಜಿಲ್ಲೆಗೆ ಕಾಲಿಟ್ಟರೆ ಉಪ್ಪಳದಲ್ಲೂ ಕೈಕಂಬ. ಆ ಮರದ ಕೈಗಳು ಮಳೆಗೆ ಕೊಳೆತವೋ, ಗೆದ್ದಲಿಗೆ ಹೋದವೋ, ರಸ್ತೆ ಅಗಲ ಮಾಡುವಾಗ ಕಿತ್ತುಬಿದ್ದವೋ, ಈಗ ಅವನ್ನು ಹುಡುಕುವವರಿಲ್ಲ. ಹೆಸರುಗಳು ಮಾತ್ರ ಕೈ ಚಾಚಿಕೊಂಡೇ ನಿಂತಿವೆ. ಯಾರೋ ಪುಣ್ಯಾತ್ಮರು ಗುರುತಿಲ್ಲದ ದಾರಿಹೋಕನ ಮೇಲೆ ಕನಿಕರಪಟ್ಟು ನೆಟ್ಟ ಒಂದು ಕಂಬ ಊರಿನ ಹೆಸರೇ ಆಗಿಬಿಟ್ಟಿದೆ.

ಸುಗ್ಗಿಯ ದಿನಗಳಲ್ಲಿ ಒಮ್ಮೆ ಹ್ಯಾಂಡ್‌ಪೋಸ್ಟಿನಿಂದ ಬಾವಲಿಯ ದಾರಿ ಹಿಡಿದು ವಯನಾಡಿನ ಚೇಕಾಡಿಗೆ ಹೋಗಿದ್ದೆ. ಬಳ್ಳೆ ಆನೆ ಶಿಬಿರ ದಾಟಿ, ಕಾಡು ಮುಗಿಸಿ, ಬಾವಲಿಯ ಚೆಕ್‌ಪೋಸ್ಟಿನ ಆಚೆ ಚಹಾ ಅಂಗಡಿಯೊಂದರ ಮುಂದೆ ನಿಂತೆ. ಬೆಂಚಿನ ಮೇಲೆ ಹಿರಿಯರೊಬ್ಬರು ಕೂತಿದ್ದರು. "ಚೇಕಾಡಿಗೆ ಯಾವ ಕಡೆ ಹೋಗ್ಬೇಕು ಯಜಮಾನ್ರೆ?" ಎಂದು ಕೇಳಿದೆ. ಅವರು ತಕ್ಷಣ ಉತ್ತರ ಹೇಳಲಿಲ್ಲ. "ಈ ಕಡೆಗೆ ಮೊದ್ಲು ಬಂದಿದ್ದುಂಟಾ ಸ್ವಾಮಿ?" ಎಂದು ಕೇಳಿದರು. ಇಲ್ಲ ಎಂದೆ. "ಹಂಗಾರೆ ಹಿಂಗ್ ಯೋಳ್ತೀನಿ ಕೇಳಿ. ಮುಂದೆ ಹೊಳೆ ಸಿಕ್ತದೆ, ಸೇತುವೆ ದಾಟಿ. ಕಾಡು ಸರಿದು ಗದ್ದೆಬಯಲು ಕಾಣ್ತದೆ. ಬಯಲು ಕಂಡ್ ಮ್ಯಾಲೆ ಯಾರ್ನೂ ಕೇಳೋದ್ ಬ್ಯಾಡ, ಅದೇಯ ಚೇಕಾಡಿ. ಹೊತ್ತಿರೋವಾಗ್ಲೇ ಮರಳ್‌ಬಿಡಿ, ಆರು ಗಂಟೆಗೆ ಕಾಡಿನ ಗೇಟ್ ಹಾಕ್ತಾರೆ" ಎಂದರು.

ಅವರು ಹೇಳಿದ ದಾರಿಗಿಂತ ಅವರು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿತು. ಮೊದಲು ಬಂದಿದ್ದುಂಟೇ? ಬಂದವನಿಗೆ ಒಂದು ದಾರಿ, ಬಾರದವನಿಗೆ ಒಂದು ದಾರಿ. ಇರುವ ರಸ್ತೆ ಒಂದೇ ಆದರೂ ಹೇಳುವ ಗುರುತುಗಳು ಬೇರೆ. ಬಂದವನಾಗಿದ್ದರೆ ಇಂಥವರ ಮನೆ, ಇಂಥ ಅಂಗಡಿ ಎಂದು ಹೇಳುತ್ತಿದ್ದರೇನೋ. ಮೊದಲ ಸಲ ಬರುವವನ ಕಣ್ಣಿಗೆ ತಾನಾಗಿಯೇ ಬೀಳುವ ಮೂರೇ ಮೂರು ವಸ್ತುಗಳನ್ನು ಅವರು ಆರಿಸಿದರು: ಹೊಳೆ, ಸೇತುವೆ, ಬಯಲು. ಅವುಗಳಲ್ಲಿ ಯಾವುದನ್ನೂ ತಪ್ಪಿಸಿಕೊಂಡು ಮುಂದೆ ಹೋಗುವುದು ಸಾಧ್ಯವಿರಲಿಲ್ಲ.

ಚೇಕಾಡಿ ಪುಲ್ಪಳ್ಳಿ ಪಂಚಾಯಿತಿಗೆ ಸೇರಿದ ಹಳ್ಳಿ. ಮೂರು ಕಡೆ ಕಾಡು, ಒಂದು ಕಡೆ ಕಬಿನಿ, ನಡುವೆ ಅಂಗೈಯಂತೆ ಹರಡಿದ ಗದ್ದೆಗಳು. ಕೇರಳದ ಹೆಚ್ಚಿನ ನದಿಗಳು ಪಡುವಣ ಕಡಲಿಗೆ ಹರಿದರೆ ಮೂಡಣಕ್ಕೆ ಹರಿಯುವ ಮೂರು ನದಿಗಳಲ್ಲಿ ಕಬಿನಿಯೂ ಒಂದು. ಅದು ನಮ್ಮ ಕಡೆಗೆ ಹರಿದು ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೊಳೆ ಹರಿಯುವ ದಿಕ್ಕೇ ಆ ಊರಿನವರಿಗೆ ಮೂಡಲು ಯಾವುದು, ಪಡುವಲು ಯಾವುದು ಎಂಬುದನ್ನು ತಿಳಿಸುತ್ತದೆ. ಇಲ್ಲಿ ವಯನಾಡನ್ ಚೆಟ್ಟಿ ಕುಟುಂಬಗಳೂ ಅಡಿಯರೂ ಊರಾಳಿ ಕುರುಮರೂ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಇಲ್ಲಿನ ಗದ್ದೆಗಳಲ್ಲಿ ಗಂಧಕಸಾಲ ಎಂಬ ಸಣ್ಣಕಾಳಿನ ಪರಿಮಳದ ಭತ್ತ ಬೆಳೆಯುತ್ತದೆ. ವಯನಾಡಿನ ಈ ಅಕ್ಕಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಗುರುತು ಕಣ್ಣಿಗೆ ಮಾತ್ರ ಕಾಣುವಂಥದ್ದಾಗಬೇಕಿಲ್ಲ, ಮೂಗಿಗೂ ಒಂದು ಗುರುತುಂಟು ಎಂಬುದು ಆ ಬದುವಿನ ಮೇಲೆ ನಡೆಯುವಾಗ ತಿಳಿಯಿತು.

ಗದ್ದೆಯಂಚಿನಲ್ಲಿ ಕಾವಲಿನ ಅಟ್ಟಣೆಗಳಿವೆ. ಕೆಲವು ಮರದ ಮೇಲೆ, ಕೆಲವು ಬಿದಿರಿನ ಕಂಬಗಳ ಮೇಲೆ. ಭತ್ತ ಹಾಲುಗಟ್ಟಿದ ದಿನದಿಂದ ಕೊಯ್ಲು ಮುಗಿಯುವವರೆಗೆ ಆನೆ, ಹಂದಿ, ಜಿಂಕೆಗಳು ಬಾರದಂತೆ ಮನೆಯವರು ಸರದಿಯ ಮೇಲೆ ಅಲ್ಲಿ ರಾತ್ರಿ ಕಳೆಯುತ್ತಾರೆ. ಕೆಳಗೆ ಬೆಂಕಿ ಉರಿಯುತ್ತಿರುತ್ತದೆ. ಆ ಬೆಂಕಿ ಹಾಕಿದವನಿಗೆ ದಾರಿ ತೋರಿಸುವ ಉದ್ದೇಶವೇನೂ ಇರುವುದಿಲ್ಲ, ಅವನು ತನ್ನ ಬೆಳೆ ಕಾಯುತ್ತಿರುತ್ತಾನೆ. ಆದರೂ ಕತ್ತಲಾದ ಮೇಲೆ ಮನೆಗೆ ಮರಳುವ ಇನ್ನೊಬ್ಬನಿಗೆ ಆ ಬೆಳಕು ‘ಊರು ಇಲ್ಲಿದೆ, ಮನುಷ್ಯರಿದ್ದಾರೆ’ ಎಂದು ಹೇಳುತ್ತದೆ. ತನ್ನ ಕೆಲಸವನ್ನು ತನ್ನ ಜಾಗದಲ್ಲಿ ನಿಷ್ಠೆಯಿಂದ ಮಾಡುವವನು ಎಷ್ಟೋ ಸಲ ತನಗೇ ಗೊತ್ತಿಲ್ಲದೆ ಇನ್ನೊಬ್ಬರಿಗೆ ಗುರುತಾಗಿರುತ್ತಾನೆ.

ಕಾಡಿನವರ ಗುರುತುಗಳು ಇನ್ನೂ ಸೂಕ್ಷ್ಮ. ನಮ್ಮ ಕಡೆ ಜೇನುಕುರುಬರು, ಗಡಿಯಾಚೆ ಕಾಟ್ಟುನಾಯ್ಕರು. ಇವರ ಮಾತು ಕನ್ನಡಕ್ಕೆ ಹತ್ತಿರದ್ದು. ಹೆಜ್ಜೇನು ಎತ್ತರದ ಮರವನ್ನು ಹುಡುಕಿ ವರ್ಷದಿಂದ ವರ್ಷಕ್ಕೆ ಅದೇ ಮರಕ್ಕೆ ಮರಳಿ ಬರುತ್ತದೆ. ಒಂದೇ ಮರದಲ್ಲಿ ಹತ್ತಾರು ಹಲ್ಲೆಗಳು ತೂಗುವುದುಂಟು. ನಮಗೆ ಕಾಡೆಲ್ಲ ಒಂದೇ ಹಸಿರಾಗಿ ಕಾಣುವ ಕಡೆ ಅವರಿಗೆ ಅಂಥ ಮರವೊಂದು ದೂರದಿಂದಲೇ ತಿಳಿಯುತ್ತದೆ. ಆ ಮರ ತೋರಿಸಿದವರು ಅಜ್ಜಂದಿರು. ಅಜ್ಜನಿಗೆ ಅವನ ಅಜ್ಜ ತೋರಿಸಿದ್ದ. ಜೇನು ಹೇಗೋ ಹಾಗೆಯೇ ಗುರುತೂ ಹಂಚಿಕೊಂಡು ಬಂದ ಸೊತ್ತು.

ನಮ್ಮ ಭಾಷೆಯಲ್ಲಿ ಈ ‘ಗುರುತು’ ಎಂಬ ಮಾತೇ ಬಹಳ ಅಂದವಾದದ್ದು. ದಾರಿಯಲ್ಲಿ ಕಾಣುವ ಮರವೂ ಗುರುತು, ಮನಸ್ಸಿನಲ್ಲಿ ಉಳಿಯುವ ನೆನಪೂ ಗುರುತು. ಮದುವೆ ಮನೆಯಲ್ಲಿ ಎದುರಾದ ಹಿರಿಯರು "ಗುರುತು ಸಿಕ್ಕಿತೇನಪ್ಪ?" ಎಂದು ಕೇಳುತ್ತಾರೆ. ಪರಿಚಯವಿರುವವರನ್ನು ಗುರುತಿನವರು ಎನ್ನುತ್ತೇವೆ. ಹಿರಿದಾದ ಗುರುತು ಹೆಗ್ಗುರುತು. ಹೊರಗಿನ ವಸ್ತುವಿಗೂ ಒಳಗಿನ ಅರಿವಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರು, ಯಾರೂ ಗುರುತಿಸದ ವಸ್ತು ಗುರುತಾಗಲಾರದು ಎಂಬುದನ್ನು ಬಲ್ಲವರು. ದೂರ ಅಳೆಯುವುದಕ್ಕೂ ಅವರಿಗೆ ಮನುಷ್ಯನೇ ಅಳತೆಗೋಲು. ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವಷ್ಟು ದೂರ ‘ಕೂಗಳತೆ’.

ಕಣ್ಣಿಗೆ ಕಾಣುವುದನ್ನೇ ಗುರುತಾಗಿಸುವ ಈ ರೀತಿ ಹಳೆಯ ಶಾಸನಗಳನ್ನು ಓದಿದವರಿಗೆ ಚೆನ್ನಾಗಿ ಗೊತ್ತು. ಭೂಮಿಯನ್ನು ದಾನ ಕೊಟ್ಟಾಗ ಅದರ ಚತುಸ್ಸೀಮೆಯನ್ನು ಬರೆಸುತ್ತಿದ್ದರು. ಮೂಡಲಿಗೆ ಇಂಥ ಕೆರೆಯ ಏರಿ, ತೆಂಕಲಿಗೆ ಇಂಥ ಹುಣಿಸೆಮರ, ಪಡುವಲಿಗೆ ಹುತ್ತ, ಬಡಗಲಿಗೆ ನೆಟ್ಟ ಕಲ್ಲು, ಹೀಗೆ. ಓದು ಬಾರದ ರೈತನಿಗೂ ತಿಳಿಯಲಿ ಎಂದು ಎಲ್ಲೆಯ ಕಲ್ಲುಗಳ ಮೇಲೆ ಚಿತ್ರ ಕೊರೆಸುತ್ತಿದ್ದರು. ವಿಷ್ಣು ದೇವಾಲಯಕ್ಕೆ ಅಥವಾ ಬ್ರಾಹ್ಮಣರಿಗೆ ಬಿಟ್ಟ ಭೂಮಿಯಾದರೆ ಕೊಡೆ ಹಿಡಿದ ವಾಮನ, ಶಿವಾಲಯದ್ದಾದರೆ ಲಿಂಗ, ಬಸದಿಯದಾದರೆ ಮುಕ್ಕೊಡೆ. ಇಂಥ ಕಲ್ಲುಗಳು ನಮ್ಮ ಹೊಲಗಳ ಬದುವಿನಲ್ಲಿ ಇಂದಿಗೂ ಸಿಗುತ್ತವೆ. ಕೊರೆಸಿದವನು ರಾಜನಿರಬಹುದು, ಪಂಡಿತನಿರಬಹುದು. ಆದರೆ ಕೊರೆಸುವಾಗ ಅಕ್ಷರ ಬಾರದವನ ಕಣ್ಣಿನಿಂದ ನೋಡಿ ಕೊರೆಸಿದ. ಬಾವಲಿಯ ಹಿರಿಯರು ಬೆಂಚಿನ ಮೇಲೆ ಕೂತು ಮಾಡಿದ್ದೂ ಅದನ್ನೇ.

ಇನ್ನೊಂದು ಬಗೆಯ ಕಲ್ಲು ಇದೆ. ಎರಡು ಕಲ್ಲುಗಳನ್ನು ಆಳೆತ್ತರಕ್ಕೆ ನಿಲ್ಲಿಸಿ ಮೇಲೆ ಒಂದನ್ನು ಅಡ್ಡ ಹಾಸಿದ್ದು. ತಲೆಹೊರೆ ಹೊತ್ತು ನಡೆಯುವವರು ಯಾರ ಸಹಾಯವೂ ಇಲ್ಲದೆ ಹೊರೆಯನ್ನು ಅದರ ಮೇಲಿಟ್ಟು ದಣಿವಾರಿಸಿಕೊಂಡು, ಮತ್ತೆ ಯಾರ ಸಹಾಯವೂ ಇಲ್ಲದೆ ತಲೆಗೇರಿಸಿಕೊಳ್ಳಬಹುದು. ಕೇರಳದಲ್ಲಿ ಇದಕ್ಕೆ ಅತ್ತಾಣಿ ಎನ್ನುತ್ತಾರೆ, ಅದೇ ಹೆಸರಿನ ಊರುಗಳೂ ಅಲ್ಲಿವೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲು ನೆಡಿಸುವ ವಾಡಿಕೆ ದಕ್ಷಿಣದಲ್ಲಿ ಕೆಲವೆಡೆ ಇತ್ತು. ಹೊರೆ ಇಳಿಯದೆ ಹೋದವಳ ಹೆಸರಿನಲ್ಲಿ ದಾರಿಹೋಕರ ಹೊರೆ ಇಳಿಯಲಿ ಎಂಬ ಭಾವ. ದುಃಖವನ್ನು ಹೀಗೆ ಪರರ ಉಪಯೋಗಕ್ಕೆ ತಿರುಗಿಸಿದ ಮನೆಯವರ ಹೆಸರು ನಮಗೆ ಗೊತ್ತಿಲ್ಲ. ಕಲ್ಲು ಮಾತ್ರ ತಲೆಮಾರುಗಳ ಕಾಲ ಹೊರೆ ಹೊತ್ತಿದೆ.

ಎಲ್ಲ ಹೆಗ್ಗುರುತುಗಳ ಹಿಂದೆಯೂ ಇಂಥ ಒಳ್ಳೆಯತನವೇ ಇರುತ್ತದೆ ಎನ್ನಲಾಗದು. ಗುಂಡ್ಲುಪೇಟೆಯಿಂದ ಕೋಝಿಕ್ಕೋಡಿಗೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ತಾಮರಶ್ಶೇರಿ ಘಾಟಿ ಇಳಿಯುವ ಮುನ್ನ ಲಕ್ಕಿಡಿಯಲ್ಲಿ ಒಂದು ಮರಕ್ಕೆ ಸರಪಳಿ ಬಿಗಿದಿರುವುದನ್ನು ಅನೇಕರು ನೋಡಿರುತ್ತೀರಿ. ಅದು ಕರಿಂತಂಡನ್ ಎಂಬ ಪಣಿಯ ಬುಡಕಟ್ಟಿನ ಯುವಕನ ಕಥೆ ಹೇಳುವ ಮರ. ಘಟ್ಟ ಹತ್ತುವ ದಾರಿ ಕಾಣದೆ ಕಂಗೆಟ್ಟ ಇಂಗ್ಲಿಷ್ ಎಂಜಿನಿಯರನಿಗೆ ಕಾಡಿನ ಗುರುತು ಬಲ್ಲ ಅವನು ದಾರಿ ತೋರಿಸಿದನಂತೆ. ಕಂಡುಹಿಡಿದ ಕೀರ್ತಿ ತನ್ನದೇ ಆಗಲಿ ಎಂದು ಆ ಎಂಜಿನಿಯರ್ ಅವನನ್ನು ಕೊಂದನಂತೆ. ಆಮೇಲೆ ಅವನ ಆತ್ಮ ದಾರಿಹೋಕರನ್ನು ಕಾಡಿತೆಂದೂ, ಅದನ್ನು ಸರಪಳಿಯಿಂದ ಮರಕ್ಕೆ ಕಟ್ಟಿಹಾಕಿದರೆಂದೂ ಜನ ಹೇಳುತ್ತಾರೆ.

ಇದು ಐತಿಹ್ಯ. ಆದರೆ ಐತಿಹ್ಯಗಳೂ ಒಂದು ಸತ್ಯವನ್ನು ಹೊತ್ತಿರುತ್ತವೆ. ದಾರಿ ತೋರಿದವರನ್ನು ಮರೆತು, ದಾರಿ ಅಳೆದವರ ಹೆಸರನ್ನಷ್ಟೇ ಬರೆದುಕೊಳ್ಳುವ ಅಭ್ಯಾಸ ನಮ್ಮಲ್ಲೂ ಇದೆ. ಕಾಡು, ಹೊಳೆ, ಬೆಟ್ಟಗಳನ್ನು ಅಂಗೈಯ ಗೆರೆಗಳಂತೆ ಬಲ್ಲ ಪಣಿಯರು, ಅಡಿಯರು ಹಿಂದೆ ವಯನಾಡಿನಲ್ಲಿ ಜೀತದಾಳುಗಳಾಗಿ ದುಡಿದರು. ಮಾನಂದವಾಡಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ವರ್ಷದ ಜೀತದ ಕರಾರು ನಡೆಯುತ್ತಿತ್ತು. ನೆಲದ ಗುರುತೆಲ್ಲ ಅವರ ಬಳಿ ಇತ್ತು, ನೆಲ ಮಾತ್ರ ಇರಲಿಲ್ಲ. ಲಕ್ಕಿಡಿಯ ಮರದ ಮುಂದೆ ವಾಹನ ನಿಧಾನ ಮಾಡಿದಾಗ ನಾವು ಆ ಋಣವನ್ನು ಒಂದು ಕ್ಷಣವಾದರೂ ನೆನೆಯಬೇಕು.

ಗುರುತು ಎಷ್ಟು ಬೆಲೆಯದ್ದು ಎಂಬುದು ಅದು ಅಳಿಸಿಹೋದ ದಿನ ತಿಳಿಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಇದೇ ವಯನಾಡಿನ ಮೇಪ್ಪಾಡಿ ಪಂಚಾಯಿತಿಯ ಮುಂಡಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿಯಿತು. ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದವರೂ ಅದರಲ್ಲಿ ಜೀವ ಕಳೆದುಕೊಂಡರು. ಬೆಳಗಾದಾಗ ಬೀದಿ ಇರಲಿಲ್ಲ, ಅಂಗಡಿ ಇರಲಿಲ್ಲ, ಹೊಳೆಯೇ ಹೊಸ ಪಾತ್ರ ಹಿಡಿದಿತ್ತು. ಬದುಕಿ ಉಳಿದವರಲ್ಲಿ ಎಷ್ಟೋ ಮಂದಿ ಕೆಸರಿನ ಬಯಲಿನಲ್ಲಿ ನಿಂತು ತಮ್ಮ ಮನೆ ಎಲ್ಲಿತ್ತೆಂಬುದನ್ನೇ ಗುರುತಿಸಲಾಗದೆ ಕಂಗೆಟ್ಟರು. ಅಲ್ಲಿನ ವೆಳ್ಳಾರ್‌ಮಲದ ಶಾಲೆ ಮಾತ್ರ ಜಖಂಗೊಂಡರೂ ಗುರುತಾಗಿ ನಿಂತಿತ್ತು. ಆದರೂ ಎಲ್ಲಿ ಅಗೆಯಬೇಕು ಎಂದು ರಕ್ಷಣಾ ತಂಡಗಳಿಗೆ ತೋರಿಸಿದವರು ಊರಿನ ಜನವೇ: ಇಲ್ಲಿ ಇಂಥವರ ಮನೆ ಇತ್ತು, ಇಲ್ಲಿ ಪಾಡಿ, ಅಂದರೆ ತೋಟದ ಕೂಲಿಯವರ ಸಾಲುಮನೆ, ಇತ್ತು ಎಂದು ಬೆರಳು ಚಾಚಿ ತೋರಿಸಿದರು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಹಗಲಿರುಳು ದುಡಿದು 190 ಅಡಿ ಉದ್ದದ ಬೈಲಿ ಸೇತುವೆ ನಿಲ್ಲಿಸಿದರು, ಯಂತ್ರಗಳು ಹೊಳೆ ದಾಟಿದವು. ಆದರೆ ಹೊಳೆ ದಾಟಿದ ಯಂತ್ರಕ್ಕೂ ದಾರಿ ಹೇಳಲು ನೆನಪುಳ್ಳ ಒಬ್ಬ ಮನುಷ್ಯ ಬೇಕಾಗಿದ್ದ. ಆ ಹೊತ್ತಿನಲ್ಲಿ ನೆರೆಹೊರೆಯವರ ನೆನಪೇ ಕೈಮರವಾಯಿತು.

ಇದೆಲ್ಲ ನೆನೆದಾಗ ನಮ್ಮ ಮನೆಗಳ ಕಡೆಗೆ ಮನಸ್ಸು ತಿರುಗುತ್ತದೆ. ಈಗ ದಾರಿ ಕೇಳುವವರು ಕಡಿಮೆ. ಮೊಬೈಲಿನಲ್ಲಿ ಲೊಕೇಶನ್ ಕಳಿಸಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಅದು ಒಳ್ಳೆಯ ಅನುಕೂಲವೇ. ಆದರೂ ಕೊನೆಯ ನೂರು ಗಜದಲ್ಲಿ ಫೋನ್ ಬಂದೇ ಬರುತ್ತದೆ: "ಎಲ್ಲಿ ಸಾರ್ ನಿಮ್ಮನೆ?" ಆಗ ನಾವು ಏನು ಹೇಳುತ್ತೇವೆ? "ಹಳೇ ಗಿರಣಿ ಇತ್ತಲ್ಲ, ಅದರ ಪಕ್ಕ" ಎನ್ನುತ್ತೇವೆ. ಗಿರಣಿ ಹೋಗಿ ಹತ್ತು ವರ್ಷವಾಗಿರುತ್ತದೆ. "ಮೇಷ್ಟ್ರ ಮನೆ ಎದುರು" ಎನ್ನುತ್ತೇವೆ. ಮೇಷ್ಟ್ರು ಯಾರೆಂದು ಆ ಹುಡುಗನಿಗೆ ಹೇಗೆ ತಿಳಿಯಬೇಕು? ನಮಗೆ ಗೊತ್ತಿರುವುದನ್ನು ಹೇಳುತ್ತೇವೆ, ಅವನಿಗೆ ಕಾಣುವುದನ್ನು ಹೇಳುವುದಿಲ್ಲ. ಅವನು ದಾರಿ ತಪ್ಪಿದರೆ "ಇಷ್ಟೂ ಗೊತ್ತಾಗಲ್ವಾ?" ಎಂದು ರೇಗುತ್ತೇವೆ. ಬಿಸಿಲಿನಲ್ಲಿ ಪಾರ್ಸೆಲ್ ಹೊತ್ತು ಅಲೆಯುವವನಿಗೆ ಅದು ತೊಂದರೆ. ರಾತ್ರಿ ಎರಡು ಗಂಟೆಗೆ ಬರುವ ಆಂಬುಲೆನ್ಸ್ ಅದೇ ತಿರುವಿನಲ್ಲಿ ತಪ್ಪಿದರೆ ಒಂದು ಜೀವವೇ ಹೋಗಬಹುದು.

ದಾರಿ ಹೇಳುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ಅದನ್ನು ಸರಿಯಾಗಿ ಹೇಳಬೇಕಾದರೆ ಒಂದು ಕ್ಷಣ ನಮ್ಮ ಜಾಗ ಬಿಟ್ಟು ಕೇಳುವವನ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಅವನು ಯಾವ ಕಡೆಯಿಂದ ಬರುತ್ತಿದ್ದಾನೆ, ಅವನ ಬಲಗೈ ಯಾವುದು, ಕತ್ತಲಲ್ಲಿ ಅವನಿಗೆ ಏನು ಕಾಣುತ್ತದೆ, ಅವನಿಗೆ ನಮ್ಮ ಅಕ್ಷರ ಓದಲು ಬರುತ್ತದೆಯೇ? ಇಷ್ಟನ್ನು ಯೋಚಿಸುವುದನ್ನೇ ಶಾಸ್ತ್ರದ ಮಾತಿನಲ್ಲಿ ಪರಹಿತ ಎನ್ನುತ್ತೇವೆ, ಮನೆಮಾತಿನಲ್ಲಿ ಒಳ್ಳೆಯತನ ಎನ್ನುತ್ತೇವೆ. ಮಗಳಿಗೆ ಪಾಠ ಹೇಳುವಾಗ, ಹೊಸದಾಗಿ ಬಂದ ಸೊಸೆಗೆ ಮನೆಯ ರೀತಿ ತಿಳಿಸುವಾಗ, ಕಚೇರಿಗೆ ಸೇರಿದ ಹುಡುಗನಿಗೆ ಕೆಲಸ ಕಲಿಸುವಾಗ ಬಾವಲಿಯ ಹಿರಿಯರ ಪ್ರಶ್ನೆಯನ್ನೇ ಮೊದಲು ಕೇಳಿಕೊಳ್ಳಬೇಕು: ಈ ಕಡೆಗೆ ಮೊದಲು ಬಂದಿದ್ದುಂಟೇ? ಇಲ್ಲವೆಂದರೆ ಹೊಳೆ, ಸೇತುವೆ, ಬಯಲಿನಿಂದ ಶುರುಮಾಡೋಣ.

ಇದನ್ನು ಮನೆಯಲ್ಲೇ ಆರಂಭಿಸಬಹುದು. ಗೇಟಿನ ಮೇಲಿನ ಮನೆ ನಂಬರು ಮಾಸಿದ್ದರೆ ದೊಡ್ಡ ಅಂಕಿಗಳಲ್ಲಿ ಮತ್ತೆ ಬರೆಸೋಣ. ಬೀದಿಯ ಹೆಸರಿನ ಫಲಕದ ಮೇಲೆ ಯಾರೋ ಪೋಸ್ಟರ್ ಅಂಟಿಸಿದ್ದರೆ ಕಿತ್ತು ಒರೆಸೋಣ. ಹೊಲದ ಬಾಂದುಕಲ್ಲು ವಾಲಿದ್ದರೆ ಪಕ್ಕದ ಹೊಲದವರನ್ನೂ ಕರೆದು, ಇಬ್ಬರೂ ನೋಡುತ್ತಿರುವಾಗ ನೇರ ಮಾಡೋಣ. ಊರಿನ ಅರಳಿಕಟ್ಟೆಗೆ, ಹಳೆಯ ಕೆರೆಗೆ, ತಿರುವಿನ ಮರಕ್ಕೆ ಏನೆಂದು ಹೆಸರಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಮಕ್ಕಳಿಗೆ ಹೇಳೋಣ. ದೂರದಿಂದ ನೆಂಟರು ಬರುವ ದಿನ, ನಮ್ಮ ಅಪ್ಪಂದಿರು ಮಾಡುತ್ತಿದ್ದ ಹಾಗೆ, ಬಸ್‌ಸ್ಟ್ಯಾಂಡಿನವರೆಗೆ ನಾವೇ ಹೋಗಿ ನಿಲ್ಲೋಣ.

ಇಂದು ಸಂಜೆ ಬಿಡುವು ಮಾಡಿಕೊಂಡು ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ಹತ್ತಿರ ಕೂರಿಸಿಕೊಂಡು ಕೇಳಿ: "ನಮ್ಮ ಮನೆಗೆ ಮೊದಲ ಸಲ ಬರುವವರಿಗೆ ನೀನು ದಾರಿ ಹೇಗೆ ಹೇಳ್ತೀಯ?" ಅದು ಹೇಳುವುದನ್ನು ನಡುವೆ ತಿದ್ದದೆ ಪೂರ್ತಿ ಕೇಳಿ. ಆಮೇಲೆ ಅದರ ಕೈ ಹಿಡಿದು ಬಸ್‌ಸ್ಟಾಪಿಗೆ ಹೋಗಿ, ಅದು ಹೇಳಿದ ದಾರಿಯಲ್ಲೇ ಮನೆಗೆ ನಡೆದು ಬನ್ನಿ.